ಸೋಣಕ್ಕೆ ಕಾದ ಸಹಿ

ಕೊರೊನಾ ಕಳೆದು ಕಾಲೇಜುಗಳು ಮತ್ತೆ ತುಂಬಿದ ವರ್ಷ. ಗ್ರಂಥಪಾಲಕನ ಹುದ್ದೆಯಿಂದ ನಿವೃತ್ತನಾಗಿದ್ದ ನಾನು ಮೂಡುಬಿದಿರೆಯಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲ ಗ್ರಂಥಾಲಯಕ್ಕೆ ಏರಿಸುವ ಸಣ್ಣ ಘಟಕವೊಂದನ್ನು ನೋಡಿಕೊಳ್ಳುತ್ತಿದ್ದೆ. ಮಳೆಗಾಲದಲ್ಲಿ ಕರೆಂಟು ಇದ್ದರೆ ಇಂಟರ್ನೆಟ್ ಇಲ್ಲ, ಇಂಟರ್ನೆಟ್ ಇದ್ದರೆ ಕರೆಂಟು ಇಲ್ಲ. ‘ಫೋಟೊ ತೆಗೆಯುವುದು ಏನು ಮಹಾ ಕೆಲಸ’ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಮಳೆ ಹಿಡಿದ ಹೊಸತರಲ್ಲಿ ಒಂದು ಬೆಳಿಗ್ಗೆ ನಾರಾವಿಯ ಲೀಲಾವತಿ ಟೀಚರ್ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಪುಸ್ತಕವೊಂದನ್ನು ತಂದು ಮೇಜಿನ ಮೇಲಿಟ್ಟರು. ವಯಸ್ಸು ಎಂಬತ್ತು ದಾಟಿತ್ತು. ಶಿಕ್ಷಕಿಯಾಗುವ ಮೊದಲು ಅವರು ಬೀಡಿ ಕಟ್ಟಿದವರು. ಜೊತೆಗೆ ಕೂತು ಬೀಡಿ ಕಟ್ಟುತ್ತಿದ್ದ ಹೆಂಗಸರು ಹೇಳಿದ ಕಥೆಗಳನ್ನು ಬರೆದುಕೊಂಡು, ತಮ್ಮ ಬದುಕನ್ನೂ ಸೇರಿಸಿ, ತಾವೇ ಅಚ್ಚು ಹಾಕಿಸಿದ್ದರು. ಉಳಿದದ್ದು ಅದೊಂದೇ ಪ್ರತಿ. ಆ ಹೆಂಗಸರಲ್ಲಿ ಬದುಕಿದ್ದವರು ಗುರುವಾಯನಕೆರೆಯ ಗಿರಿಜಕ್ಕ ಒಬ್ಬರೇ. ಅವರ ಕಥೆ ಮೊಬೈಲಿನಲ್ಲಿ ಬರುವ ಹಾಗೆ ಮಾಡುತ್ತೇನೆಂದು ಟೀಚರ್ ಮಾತು ಕೊಟ್ಟಿದ್ದರಂತೆ.

ಆ ಪುಸ್ತಕ ನಮ್ಮನ್ನು ಚೆನ್ನಾಗಿಯೇ ಸತಾಯಿಸಿತು. ಥಂಡಿಗೆ ಹಾಳೆಗಳು ಅಂಟಿಕೊಂಡಿದ್ದವು. ಫ್ಯಾನಿನ ಗಾಳಿಗಿಟ್ಟು ಒಂದೊಂದನ್ನೇ ಬಿಡಿಸಿದೆವು. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದೆ ಕಾಣುತ್ತಿತ್ತು. ಪ್ರತಿ ಹಾಳೆಯ ಹಿಂದೆ ಕಪ್ಪು ಕಾಗದ ಇಟ್ಟು ಸ್ಕ್ಯಾನ್ ಮಾಡಬೇಕಾಯಿತು. ಚಿತ್ರದಲ್ಲಿರುವ ಅಕ್ಷರವನ್ನು ಓದಿ ಪಠ್ಯವಾಗಿಸುವ ಓಸಿಆರ್ ತಂತ್ರಾಂಶಕ್ಕೆ ಸವೆದ ಅಚ್ಚುಮೊಳೆಯ ಒತ್ತಕ್ಷರಗಳು ಅರ್ಥವೇ ಆಗಲಿಲ್ಲ. ಕಡೆಗೆ ಕಣ್ಣು ಉರಿಯುವಷ್ಟು ಹೊತ್ತು ಕೂತು ನಾನೇ ತಿದ್ದಿದೆ.

ಇನ್ನು ಉಳಿದದ್ದು ಟೀಚರ ಒಂದು ಸಹಿ. ಹಕ್ಕು ಅವರದೇ, ಆದರೆ ಬಾಯಿಮಾತು ಸಾಲದು, ಅನುಮತಿ ಬರವಣಿಗೆಯಲ್ಲಿ ಬೇಕು. ಫಾರ್ಮ್ ಹಿಡಿದು ನಾರಾವಿಗೆ ಹೋಗುವಾಗ ಆಟಿ, ನಮ್ಮ ತುಳುವರ ಆಷಾಢ, ಶುರುವಾಗಿತ್ತು. ಟೀಚರ್ ಅದನ್ನು ಪೂರ್ತಿ ಓದಿ, ಮಡಚಿ, ನನ್ನ ಕೈಗೇ ಕೊಟ್ಟರು.

“ಆಟಿ ಅಲ್ವಾ ಮಾರಾಯ್ರೆ. ಒಳ್ಳೆ ಕೆಲಸಕ್ಕೆ ಈಗ ಕೈ ಹಾಕ್ಲಿಕ್ಕಿಲ್ಲ. ಸೋಣ ಸಂಕ್ರಮಣಕ್ಕೆ ಹೊಸ್ತಿಲಿಗೆ ಹೂ ಇಟ್ಟು ಸಹಿ ಹಾಕ್ತೇನೆ.”

ಸೋಣವೆಂದರೆ ಆಟಿಯ ಮರುತಿಂಗಳು, ನಮ್ಮ ಕಡೆಯ ಶ್ರಾವಣ; ನಾನು ಒತ್ತಾಯಿಸಲಿಲ್ಲ. ನಮ್ಮ ಮನೆಯಲ್ಲೂ ಆಟಿಯಲ್ಲಿ ಹೊಸ ಪೊರಕೆ ಸಹ ತರುವುದಿಲ್ಲ. ಎಷ್ಟೋ ವರ್ಷ ಕಾದ ಪುಸ್ತಕಕ್ಕೆ ಇನ್ನು ಕೆಲವು ದಿನ ಏನು ದೊಡ್ಡದು ಎನ್ನುತ್ತಾ ಇಬ್ಬರೂ ಚಾ ಕುಡಿದೆವು.

ಆಟಿ ಮುಗಿಯಲು ವಾರವಿದ್ದಾಗ ಟೀಚರ್ ಮಲಗಿದಲ್ಲೇ ತೀರಿಕೊಂಡರು. ಸಾವಿಗೆ ಆಟಿಯೂ ಇಲ್ಲ, ಸೋಣವೂ ಇಲ್ಲ. ಸೋಣ ಬಂದಾಗ ನಾನು ನಾರಾವಿಗೆ ಹೋದದ್ದು ಅವರ ಬೊಜ್ಜಕ್ಕೆ, ಉತ್ತರಕ್ರಿಯೆಯ ಊಟಕ್ಕೆ. ಫಾರ್ಮ್ ಇನ್ನೂ ನನ್ನ ಚೀಲದಲ್ಲಿತ್ತು.

ಲೇಖಕರು ತೀರಿಕೊಂಡ ಮರುವರ್ಷದಿಂದ ಅರುವತ್ತು ವರ್ಷ ಕೃತಿಯ ಹಕ್ಕು ವಾರಸುದಾರರದು. ಇಲ್ಲಿ ಆ ವಾರಸುದಾರರು ಒಬ್ಬಳೇ ಮಗಳು, ಬಂಟ್ವಾಳದಲ್ಲಿ ಗಂಡನ ಜೊತೆ ಹೋಟೆಲು ನಡೆಸುವ ಶಶಿಕಲಾ. ಆಕೆ ಪುಸ್ತಕವನ್ನು ವಾಪಸು ಪಡೆದರು. ಒಳ್ಳೆಯ ಮಾತಿನಲ್ಲೇ ನನ್ನನ್ನು ಕೂರಿಸಿ ಹೇಳಿದರು:

“ಮಗಳಿಗೆ ಸಂಬಂಧ ನೋಡ್ತಾ ಇದ್ದೇವೆ ಸರ್. ಅಜ್ಜಿ ಬೀಡಿ ಕಟ್ಟಿದ್ದು, ಹಸಿದು ಮಲಗಿದ್ದು ಎಲ್ಲ ಅದರಲ್ಲಿ ಉಂಟು. ಊರವರೆಲ್ಲ ಮೊಬೈಲಿನಲ್ಲಿ ಓದುವುದು ಬೇಡ. ಅಮ್ಮನಿಗಿದ್ದ ಧೈರ್ಯ ನನಗಿಲ್ಲ.”

ಸಿಟ್ಟು ನೆತ್ತಿಗೇರಿತು. ಆದರೆ ಆಕೆಯ ಕಣ್ಣಲ್ಲಿ ನೀರಿತ್ತು; ಎದ್ದು ಬಂದೆ. ಮತ್ತೂ ಎರಡು ಸಲ ಹೋದೆ. ಉತ್ತರ ಅದೇ.

ಕೆಲವು ತಿಂಗಳ ಮೇಲೆ ಗಿರಿಜಕ್ಕ ಊರುಗೋಲು ಹಿಡಿದು ನಮ್ಮ ಕೋಣೆಗೆ ಬಂದರು. ಕಥೆ ಮೊಬೈಲಿಗೆ ಬಂತಾ ಎಂದು ತುಳುವಿನಲ್ಲಿ ಕೇಳಿದರು. ಇಲ್ಲವೆಂದೆ, ಕಾನೂನು ವಿವರಿಸಿದೆ. ಕಥೆ ಹೇಳಿದ್ದು ಅವರು, ಬರೆದದ್ದು ಟೀಚರ್, ಬೇಡ ಅನ್ನುವುದು ಟೀಚರ ಮಗಳು. ಇದೆಂಥ ನ್ಯಾಯವೆಂದು ಅವರು ಕೇಳಿದರು. ಹೋಗಲಿ, ನೀವೇ ಇನ್ನೊಮ್ಮೆ ಹೇಳಿ, ನಿಮ್ಮ ಸ್ವರದಲ್ಲೇ ರೆಕಾರ್ಡ್ ಮಾಡುವ ಎಂದೆ.

“ನನಗೆ ಮರೆತುಹೋಗಿದೆ. ಅದಕ್ಕೇ ಕೇಳಲಿಕ್ಕೆ ಬಂದದ್ದು.”

ಒಬ್ಬರಿಗೆ ಓದಿ ಹೇಳಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಕಂಪ್ಯೂಟರಿನ ಮುಂದೆ ಕೂರಿಸಿ ಅವರ ಕಥೆಯನ್ನು ಓದಿದೆ. ಗಿರಿಜಕ್ಕ ಕಣ್ಣು ಮುಚ್ಚಿ ಕೇಳಿದರು. ಬೆರಳುಗಳು ಮಡಿಲಲ್ಲಿ ಬೀಡಿ ಸುತ್ತುವ ಹಾಗೆ ಆಡುತ್ತಿದ್ದವು. ಮುಗಿದ ಮೇಲೆ ಪರದೆಯನ್ನೊಮ್ಮೆ ಮುಟ್ಟಿ, ಉಳಿದವರ ಕಥೆಗಳೂ ಇದರಲ್ಲಿ ಇವೆಯಾ ಎಂದರು. ಇವೆ ಎಂದೆ.

“ಅವರ ಮಕ್ಕಳು ಎಲ್ಲೆಲ್ಲಿದ್ದಾರೋ. ಅವರಿಗೆ ಯಾರು ಓದಿ ಹೇಳುವುದು?”

ಇಡೀ ವೃತ್ತಿಯಲ್ಲಿ ನಾವು ಹೆದರಿದ್ದು ಗೆದ್ದಲಿಗೆ, ಥಂಡಿಗೆ, ಕಾಗದ ಪುಡಿಯಾಗುವುದಕ್ಕೆ. ಪುಸ್ತಕ ಹೇಗೋ ಕಾಯುತ್ತದೆ, ಬರೆದವರು ಕಾಯುವುದಿಲ್ಲ. ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಈಗ ಯಾವ ಲೇಖಕರ ಮನೆಗೆ ಹೋದರೂ ಮೊದಲು ಸಹಿ, ಆಮೇಲೆ ಚಾ. ಅವರು ಆಟಿ ಎಂದು ಹಿಂಜರಿದರೆ ಪೆನ್ನು ಕೈಯಲ್ಲಿ ಹಿಡಿದೇ ಟೀಚರ ಕಥೆ ಹೇಳುತ್ತೇನೆ.

ಹಾರ್ಡ್ ಡಿಸ್ಕಿನಲ್ಲಿರುವ ಕಡತಗಳು ಕೆಟ್ಟಿಲ್ಲವೇ ಎಂದು ಆಗಾಗ ತೆರೆದು ನೋಡಬೇಕು. ಪ್ರತಿ ಸೋಣ ಸಂಕ್ರಮಣಕ್ಕೆ ಟೀಚರ ಪುಸ್ತಕ ತೆರೆಯುತ್ತೇನೆ. ಪುಟಗಳೆಲ್ಲ ಸ್ವಚ್ಛವಾಗಿವೆ, ಒತ್ತಕ್ಷರ ಒಂದೂ ತಪ್ಪಿಲ್ಲ. ನೋಡಿ, ಮುಚ್ಚುತ್ತೇನೆ.