ಬಸಲಿಂಗವ್ವನ ಬಿಸಿ ಹಾಲು

ಮುಂಬೈಯ ಮಲಾಡಿನ ಆ ಚಾಳು ಬೆಳಿಗ್ಗೆ ಏಳುತ್ತಿದ್ದುದೇ ಬಸಲಿಂಗವ್ವ ರೊಟ್ಟಿ ಬಡಿಯುವ ಸದ್ದಿಗೆ. ಮಾರಾಟಕ್ಕೆಂದು ದಿನಕ್ಕೆ ನೂರಿಪ್ಪತ್ತು ಜೋಳದ ರೊಟ್ಟಿ. ಎರಡು ವರ್ಷದ ಹಿಂದೆ ಎದೆಯ ಕ್ಯಾನ್ಸರಿಗೆ ಆಪರೇಶನ್ ಆದಾಗಲೂ ಅವಳು ಡಾಕ್ಟರನ್ನು ಕೇಳಿದ್ದು ಒಂದೇ: "ಬಡಿಯೂ ಕೈ ಉಳೀತೈತಿಲ್ರಿ?"

ಈ ಮಳೆಗಾಲದಲ್ಲಿ ಸದ್ದು ನಿಂತಿತು. ಸೊಂಟ ಹಿಡಿದುಕೊಂಡಿತು, ಸಂಜೆಯಾದರೆ ಜ್ವರ, ಸೀರೆ ಹಿಂಡುವಷ್ಟು ಬೆವರು. ಸ್ಕ್ಯಾನಿನಲ್ಲಿ ಬೆನ್ನಿನ ಎರಡು ಮೂಳೆ ಸವೆದದ್ದು ಕಂಡಿತು. ಹಳೆಯ ಕಳ್ಳನೇ ಮತ್ತೆ ಬಂದಿದ್ದಾನೆ, ಬೇರೆ ಯಾರನ್ನೂ ಹುಡುಕಬೇಕಿಲ್ಲ ಎಂದರು ಆಸ್ಪತ್ರೆಯ ದೊಡ್ಡ ಡಾಕ್ಟರು. ಗುರುವಾರದಿಂದ ರೇಡಿಯೇಶನ್. ಎಡಗಾಲು ಆಗಲೇ ಭಾರವಾಗಿತ್ತು. ತಡಮಾಡಿದರೆ ಅದರ ಬಲ ಪೂರ್ತಿ ಹೋಗಬಹುದು.

ಕಿರಿಯ ಡಾಕ್ಟರ್ ನೇತ್ರಾಳಿಗೆ ಮಾತ್ರ ಸಮಾಧಾನವಿರಲಿಲ್ಲ. ಕ್ಯಾನ್ಸರ್ ಮೂಳೆ ತಿಂದರೂ ಎರಡು ಮೂಳೆಗಳ ನಡುವಿನ ಮೆತ್ತೆಯನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತದೆ. ಇಲ್ಲಿ ಮೆತ್ತೆಯೂ ಹಾಳಾಗಿತ್ತು. ಸೂಜಿ ಹಾಕಿ ತೆಗೆದ ಚೂರಿನಲ್ಲಿ ಕ್ಯಾನ್ಸರ್ ಸಿಕ್ಕಿರಲಿಲ್ಲ, ಟಿಬಿಯೂ ಸಿಕ್ಕಿರಲಿಲ್ಲ. "ಸೂಜಿ ಸರಿಯಾದ ಜಾಗಕ್ಕೆ ತಾಗಿಲ್ಲ," ಎಂದಿದ್ದರು ದೊಡ್ಡವರು.

ಸೋಮವಾರ ನೇತ್ರಾ ರೋಗಿಯನ್ನೇ ವಿಚಾರಿಸಲು ಬಂದಳು. ಆದರೆ ರೋಗಿಗೂ ಅವಳಿಗೂ ನಡುವೆ ಅಣವೀರಪ್ಪನವರು ಕುಳಿತಿದ್ದರು. ಮಾಟುಂಗದ ಕನ್ನಡ ಸಂಘವೊಂದರ ಸಹಕಾರ್ಯದರ್ಶಿಗಳು. ಜೇಬಿನಲ್ಲಿ ಮೂರು ಪೆನ್ನು, ಬಾಯಲ್ಲಿ ನಾಲ್ಕು ಭಾಷೆ. ಊರಿನವರು ಯಾರೇ ಆಸ್ಪತ್ರೆ ಸೇರಲಿ, ದುಭಾಷಿಯ ಕೆಲಸಕ್ಕೆ ಕರೆಯದೆಯೂ ಬರುತ್ತಿದ್ದರು.

"ಆಂಟಿ, ನಿಮಗೆ ಯಾವಾಗ ಇಂದ ಜ್ವರ ಆಗಿದೆ?" ಎಂದು ಮುಂಬೈಯಲ್ಲೇ ಹುಟ್ಟಿದ ನೇತ್ರಾ ತಡವರಿಸಿ ಕೇಳಿದಳು.

"ಯಾವಾಗಿನಿಂದ ಜ್ವರ ಬರುತ್ತಿದೆ, ಅನ್ನಬೇಕು," ಎಂದು ಅಣವೀರಪ್ಪನವರು ತಿದ್ದಿದರು. ಅವಳು ಮುಖ ಕೆಂಪಾಗಿ ಹಿಂದಿ ಭಾಷೆಗೆ ತಿರುಗಿದಳು. ಬಸಲಿಂಗವ್ವನ ಹಿಂದಿ ತರಕಾರಿ ಮಾರ್ಕೆಟ್ ದಾಟುತ್ತಿರಲಿಲ್ಲ.

"ದೂಧ್ ಕಚ್ಚಾ ಪೀತೀ ಹೈ ಯಾ ಉಬಾಲ್ ಕೇ?" ಹಾಲು ಹಸಿಯದೋ ಕಾಯಿಸಿದ್ದೋ ಎಂಬುದು ಅವಳ ಪ್ರಶ್ನೆ.

"ತಂಗಿ, ಹಾಲು ತಣ್ಣಂದು ಕುಡೀತಿಯೋ, ಬಿಸಿಯೋ?" ಎಂದು ಅಣವೀರಪ್ಪನವರು ಅನುವಾದಿಸಿದರು.

"ಬಿಸೀನ ಅಣ್ಣಾರ. ದಿನಾ ಒಂದು ತಂಬಿಗಿ."

"ವೆಲ್ ಬಾಯ್ಲ್ಡ್, ಡಾಕ್ಟರ್!" ಎಂದರು ಅಣವೀರಪ್ಪನವರು.

ನೇತ್ರಾ ಹಾಗೇ ಬರೆದುಕೊಂಡಳು. ಒಂದು ದಾರಿ ಮುಚ್ಚಿತು.

ಬುಧವಾರ ಅಣವೀರಪ್ಪನವರು ಸಂಘದ ಮೀಟಿಂಗಿಗೆ ಹೋಗಿದ್ದರು. ಮರುದಿನದ ತಯಾರಿ ನೋಡಲು ಬಂದ ನೇತ್ರಾಳ ಮುಂದೆ ಬಸಲಿಂಗವ್ವ ಆಸ್ಪತ್ರೆಯ ಹಾಲಿನ ಗ್ಲಾಸು ಸರಿಸಿ, "ಇದನ್ನ ಕಾಸಿ ಕಾಸಿ ಕೊಲ್ತಾರ ಯವ್ವಾ, ನನಗ ಒಗ್ಗೂದಿಲ್ಲ," ಎಂದಳು.

ನೇತ್ರಾ ನಿಂತಳು. "ಮನೆಯಲ್ಲಿ ನೀವು... ಹಾಲು ಗ್ಯಾಸ್ ಮೇಲೆ ಇಡಲ್ಲ?"

"ಗ್ಯಾಸ್ ಯಾಕ ಬೇಕು? ಇವ್ರು ತಬೇಲಾದಾಗ ಎಮ್ಮಿ ಹಿಂಡೋ ಕೆಲಸ ಮಾಡ್ತಾರ. ಆಪರೇಶನ್ ಆದಾಗಿಂದ, ಶಕ್ತಿ ಬರಲಿ ಅಂತ ನನಗ ನೊರಿಹಾಲು ತರ್ತಾರ. ಎಮ್ಮಿ ಕೆಚ್ಚಲದಾಗಿಂದನ ಬಿಸಿ ಬರ್ತೈತಲ್ಲ!"

ಬಾಗಿಲ ಬಳಿ ನಿಂತಿದ್ದ ಗಂಡ ಬಂಡೆಪ್ಪ ಹೌದೆಂದು ತಲೆಯಾಡಿಸಿದ.

ಹಸಿ ಹಾಲಿನಿಂದ ಬರುವ ಒಂದು ಸೋಂಕು ಬೆನ್ನುಮೂಳೆ ಹಿಡಿದರೆ ಹೀಗೇ ಕಾಣುತ್ತದೆ. ನೇತ್ರಾ ರಕ್ತವನ್ನು ಪರೀಕ್ಷೆಗೆ ಕಳಿಸಿ, ರೇಡಿಯೇಶನ್ ತಡೆಯಲು ಕೇಳಿ ದೊಡ್ಡವರ ಮುಂದೆ ನಿಂತಳು. ಅವರು ಕನ್ನಡಕದ ಮೇಲಿಂದ ನೋಡಿ, "ಶುಕ್ರವಾರ ಸಂಜೆಯವರೆಗೆ. ಕಾಲು ಹೋದರೆ ಉತ್ತರ ನೀನು ಕೊಡಬೇಕು," ಎಂದರು.

ಗುರುವಾರವಿಡೀ ನೇತ್ರಾ ಮತ್ತೆ ಮತ್ತೆ ಬಂದು ಎಡಗಾಲಿನ ಹೆಬ್ಬೆರಳು ಎತ್ತಿಸಿದಳು. ಬಸಲಿಂಗವ್ವ ಎತ್ತಿದಳು. ಶುಕ್ರವಾರ ಮಧ್ಯಾಹ್ನ ಎತ್ತಲು ಹೋದರೆ ಬೆರಳು ಅಲುಗಲಿಲ್ಲ. ಬಂಡೆಪ್ಪ ಮಂಚದ ಕಂಬಿ ಹಿಡಿದ. "ಇನ್ನೊಮ್ಮೆ, ಆಂಟಿ," ಎಂದಳು ನೇತ್ರಾ. ಬಸಲಿಂಗವ್ವ ಕಣ್ಣು ಮುಚ್ಚಿ ಹಲ್ಲು ಕಚ್ಚಿದಳು. ಬೆರಳು ಕೂದಲೆಳೆಯಷ್ಟು ಎದ್ದಿತು.

ನಾಲ್ಕು ಗಂಟೆಗೆ ರಿಪೋರ್ಟು ಬಂತು. ಸೋಂಕೇ. ರೇಡಿಯೇಶನ್ ರದ್ದಾಯಿತು. ದೊಡ್ಡ ಡಾಕ್ಟರು ಕಾಗದವನ್ನು ಎರಡು ಸಲ ಓದಿ, ತಮಗೆ ಮೊದಲಿನಿಂದಲೂ ಅನುಮಾನವಿತ್ತು ಎಂದರು. ಅಣವೀರಪ್ಪನವರು ಧಾವಿಸಿ ಬಂದು ರೋಗದ ಹೆಸರಿನ ಸ್ಪೆಲ್ಲಿಂಗ್ ಬರೆದುಕೊಂಡರು.

"ಮತ್ತ ಕ್ಯಾನ್ಸರ್?" ಎಂದಳು ಬಸಲಿಂಗವ್ವ.

"ಬೆನ್ನಲ್ಲಿ ಇರೋದು ಅದು ಅಲ್ಲ. ಮೂರು ತಿಂಗಳು ಗುಳಿಗೆ, ಶುರುವಿಗೆ ಇಂಜೆಕ್ಷನ್. ಆಮೇಲೆ ಸ್ಕ್ಯಾನ್ ಮತ್ತೆ ಮಾಡೋಣ." ನೇತ್ರಾ ಬಂಡೆಪ್ಪನತ್ತ ತಿರುಗಿದಳು. "ಅಂಕಲ್, ಎಮ್ಮೆ ಹಿಂಡೋರಿಗೂ ಇದು ಬರುತ್ತೆ. ನಿಮ್ಮದು ಕೂಡ ರಕ್ತ ಟೆಸ್ಟ್ ಮಾಡಬೇಕು."

ಬಂಡೆಪ್ಪ ಅಂಗಿಯ ತೋಳು ಮಡಚಿದ. ಎರಡು ವರ್ಷ ಒಂದು ದಿನವೂ ತಪ್ಪದೆ ತಂಬಿಗೆ ಹೊತ್ತು ತಂದ ಕೈ ಅದು. ಸೂಜಿ ಇನ್ನೂ ದೂರವಿತ್ತು, ಅವನ ಕಣ್ಣು ಆಗಲೇ ಸುರಿಯುತ್ತಿತ್ತು.

"ಅಂಜಬ್ಯಾಡ್ರಿ," ಎಂದಳು ಬಸಲಿಂಗವ್ವ, ಅವನ ಇನ್ನೊಂದು ಕೈ ಹಿಡಿದು. "ಸೂಜಿ ಸಣ್ಣದೈತಿ."