ಯಾರನ್ನೂ ಹತ್ತಿಸಿಕೊಳ್ಳದ ಪುಟ್ಟಪ್ಪ

ಮಂಜು ಇನ್ನೂ ಕರಗಿಲ್ಲ. ಕೊಪ್ಪದಿಂದ ನರಸಿಂಹರಾಜಪುರದ ಕಡೆಗೆ ಹೋಗುವ ರಸ್ತೆಯಲ್ಲಿ, ಅಡಿಕೆ ಗೋದಾಮೊಂದರ ಅಂಗಳದಲ್ಲಿ, ಪುಟ್ಟಪ್ಪ ಹಳದಿ ಬಣ್ಣದ ಫೋರ್ಕ್‌ಲಿಫ್ಟಿಗೆ ಒಂದು ಸುತ್ತು ಬರುತ್ತಾರೆ. ಟೈರ್ ಒತ್ತಿ ನೋಡುತ್ತಾರೆ, ಸರಪಳಿಗೆ ಟಾರ್ಚ್ ಬಿಡುತ್ತಾರೆ, ಬಗ್ಗಿ ಅಡಿಯಲ್ಲಿ ಎಣ್ಣೆ ಸೋರಿದೆಯೇ ಎಂದು ಪರೀಕ್ಷಿಸುತ್ತಾರೆ. ಸೀಟಿನ ಮೇಲೆ ಬೆಚ್ಚಗೆ ಮಲಗಿದ್ದ ಬೆಕ್ಕನ್ನು ಎತ್ತಿ ಕೆಳಗಿಡುತ್ತಾರೆ. ಬೆಕ್ಕಿಗೂ ಇಲ್ಲಿ ಜಾಗವಿಲ್ಲ.

ಯಂತ್ರ ಶುರುವಾಗುತ್ತದೆ. ಮುಂದೆ ಚಾಚಿಕೊಂಡ ಎರಡು ಕಬ್ಬಿಣದ ಕೈಗಳು ಅಡಿಕೆ ಮೂಟೆ ಪೇರಿಸಿದ ಮರದ ಹಲಗೆಯ ಅಡಿಗೆ ಹೋಗಿ, ಅದನ್ನು ನೆಲದಿಂದ ಒಂದು ಗೇಣು ಮಾತ್ರ ಎತ್ತುತ್ತವೆ. ಅಂಗಳದ ನಡುವೆ ಬಂದವರು ಇದ್ದಕ್ಕಿದ್ದಂತೆ ನಿಲ್ಲುತ್ತಾರೆ. ಹೊರೆಯನ್ನು ನೆಲಕ್ಕಿಳಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆಫ್ ಮಾಡಿ, ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾರೆ.

ಗೇಟಿನ ಕಡೆಯಿಂದ ಊಟದ ಚೀಲ ಹಿಡಿದ ಹೆಂಗಸೊಬ್ಬರು ಕುಂಟುತ್ತ ಬರುತ್ತಿದ್ದಾರೆ. ನೆಲಕ್ಕೆ ಬಳಿದ ಹಳದಿ ಗೆರೆಯ ಮೇಲೆ ಸಾವಕಾಶವಾಗಿ ನಡೆದು, ಅಡಿಕೆ ಆರಿಸುವ ಶೆಡ್ಡಿನ ಬಾಗಿಲು ಸೇರುತ್ತಾರೆ. ಪುಟ್ಟಪ್ಪ ಕತ್ತು ಉದ್ದ ಮಾಡಿ, ಅವರು ಒಳಗೆ ಹೋದದ್ದನ್ನು ಖಚಿತ ಮಾಡಿಕೊಂಡು, ಮತ್ತೆ ಕೀ ತಿರುಗಿಸುತ್ತಾರೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಿಜ ಹೇಳಬೇಕೆಂದರೆ, ಮೊದಲ ಸಲ ಕಂಡಾಗ ನನಗೆ ಇದು ಸ್ವಲ್ಪ ನಾಟಕವೆಂದೇ ಅನ್ನಿಸಿತು.

ಆ ಹೆಂಗಸು ಸೀತಕ್ಕ. ಗೋದಾಮು ಶುರುವಾದಾಗಿನಿಂದ ಇಲ್ಲಿ ಅಡಿಕೆ ಆರಿಸುತ್ತಿದ್ದಾರೆ. ಅವರು ಪುಟ್ಟಪ್ಪನ ಜೊತೆ ಮಾತು ಬಿಟ್ಟು ವರ್ಷವಾಗುತ್ತ ಬಂತು.

ಪುಟ್ಟಪ್ಪನಿಗೆ ಐವತ್ತು ದಾಟಿದೆ. ಊರು ಬಸರೀಕಟ್ಟೆ. ಇಲ್ಲಿಗೆ ಬರುವ ಮೊದಲು ಎಸ್ಟೇಟ್ ರಸ್ತೆಗಳಲ್ಲಿ ಬಾಡಿಗೆ ಜೀಪ್ ಓಡಿಸುತ್ತಿದ್ದರು. ಆ ಕಡೆಯ ಜೀಪುಗಳನ್ನು ನೋಡಿದವರಿಗೆ ಹೆಚ್ಚು ಹೇಳಬೇಕಿಲ್ಲ. ಒಳಗೆ ಹತ್ತು ಜನ, ಹಿಂದೆ ಜೋತು ಬಿದ್ದವರು ಐದಾರು, ಬಾನೆಟ್ ಮೇಲೊಬ್ಬ. ಪೊಲೀಸರು ಕಂಡರೆ ಮಾತ್ರ ಕಾನೂನಿನ ನೆನಪು. ಸಂಜೆಯ ಮೇಲೆ ಬಸ್ಸಿಲ್ಲದ ಊರುಗಳಲ್ಲಿ ಡ್ರೈವರನ ಮರ್ಯಾದೆ ಇರುವುದೇ ಅವನು ಎಷ್ಟು ಜನರಿಗೆ ಜಾಗ ಮಾಡಿದ ಎಂಬುದರಲ್ಲಿ.

“ಕೈ ಅಡ್ಡ ಹಾಕಿದವ್ರನ್ನ ಬಿಟ್ಟು ಹೋಗಬಾರ್ದು ಅಂತ ನಮ್ಮಪ್ಪ ಹೇಳ್ತಿದ್ರು ಮಾರಾಯ್ರೆ. ಆ ಕಾಡಲ್ಲಿ ನಾವು ಬಿಟ್ಟು ಹೋದ್ರೆ ಮತ್ಯಾರು ಬರ್ತಾರೆ? ಅರ್ಧ ಕುಂಡೆಗಾದ್ರೂ ಜಾಗ ಕೊಡ್ತಿದ್ದೆ,” ಎನ್ನುತ್ತಾರೆ ಪುಟ್ಟಪ್ಪ.

ಇದೇ ಗುಣವನ್ನು ಅವರು ಗೋದಾಮಿಗೂ ತಂದರು. ಯಂತ್ರ ಹೊಸದಾಗಿ ಬಂದಾಗ ಮಾಲೀಕರು ಜೀಪ್ ಓಡಿಸುವವನಿಗೆ ಇದೇನು ಮಹಾ ಎಂದು ಕೀ ಕೊಟ್ಟರು. ತರಬೇತಿಯ ಮಾತು ಯಾರೂ ಎತ್ತಲಿಲ್ಲ. ಗೇಟಿನಿಂದ ಶೆಡ್ಡಿನವರೆಗೆ ಯಾರಾದರೂ ನಡೆದು ಹೋಗುತ್ತಿದ್ದರೆ ಪುಟ್ಟಪ್ಪ ನಿಲ್ಲಿಸಿ “ಬನ್ನಿ, ಕೂತ್ಕಳಿ” ಎನ್ನುತ್ತಿದ್ದರು. ಯಂತ್ರದ ಬೆನ್ನಿನ ಮೇಲೆ ಕಾಲು ಇಳಿಬಿಟ್ಟು ಕೂರಲು ಒಳ್ಳೆಯ ಜಾಗವಿತ್ತು. ಆರಿಸುವ ಹೆಂಗಸರಿಗೆ ಅದೊಂದು ತಮಾಷೆಯೂ ಆಗಿತ್ತು.

ಆದರೆ ಫೋರ್ಕ್‌ಲಿಫ್ಟ್ ಜೀಪಲ್ಲ. ಜೀಪಿನಲ್ಲಿ ತಿರುಗುವುದು ಮುಂದಿನ ಚಕ್ರ. ಇದರಲ್ಲಿ ಹಿಂದಿನದು. ಮೂತಿ ಒಳಕ್ಕೆ ತಿರುಗಿದರೆ ಹಿಂಭಾಗ ಹೊರಕ್ಕೆ ಬೀಸುತ್ತದೆ. ಅದೂ ಗೊತ್ತಾಗುವುದರೊಳಗೆ. ಒಂದು ದಿನ ಕಂಬದ ಪಕ್ಕ ತಿರುಗಿಸುವಾಗ ಪುಟ್ಟಪ್ಪನ ಕೈ ಜೀಪಿನ ಲೆಕ್ಕದಲ್ಲೇ ಸ್ಟೇರಿಂಗ್ ತಿರುಗಿಸಿತು. ಹಿಂದೆ ಕೂತಿದ್ದ ಸೀತಕ್ಕನ ಮಂಡಿ ಕಂಬಕ್ಕೂ ಯಂತ್ರಕ್ಕೂ ನಡುವೆ ಸಿಕ್ಕಿಕೊಂಡಿತು.

“ಸದ್ದು ಕೇಳ್ತು. ಎಂತದೋ ಒಣ ಕೊಂಬೆ ಮುರೀತು ಅಂದ್ಕಂಡೆ,” ಎನ್ನುತ್ತಾರೆ ಪುಟ್ಟಪ್ಪ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ಮಂಡಿಗೆ ರಾಡ್ ಹಾಕಿದರು. ಖರ್ಚನ್ನು ಮಾಲೀಕರು ನೋಡಿಕೊಂಡರು. ಸೀತಕ್ಕ ಯಾರ ಮೇಲೂ ದೂರು ಹೇಳಲಿಲ್ಲ. “ನಾನೇ ಹತ್ತಿದ್ದು, ಅವ್ನೇನು ಎತ್ತಿ ಕೂರಿಸಿದ್ನ?” ಎಂದುಬಿಟ್ಟರು. ಆಮೇಲೆ ಮಾಲೀಕರು ಪುಟ್ಟಪ್ಪನನ್ನು ಮಂಗಳೂರಿಗೆ ತರಬೇತಿಗೆ ಕಳಿಸಿದರು, ನೆಲಕ್ಕೆ ಹಳದಿ ಗೆರೆ ಎಳೆದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ಹಿರಿಯರು ಇಂಥದ್ದಕ್ಕೇ ಹೇಳಿದ್ದು.

ತರಬೇತಿಯಿಂದ ಬಂದ ಪುಟ್ಟಪ್ಪ ಬೇರೆಯೇ ಮನುಷ್ಯ. ಸೀಸನ್ನಿನಲ್ಲಿ ದಿನಕ್ಕೆ ನಾಲ್ಕೈದು ಲಾರಿ ತುಂಬಬೇಕು. ಒಂದೊಂದು ಹಲಗೆಯಲ್ಲೂ ಇಪ್ಪತ್ತು ಮೂಟೆ. ಹೊರೆ ಹೊತ್ತು ಇಳಿಜಾರು ಇಳಿಯುವಾಗ ಹಿಮ್ಮುಖವಾಗಿಯೇ ಇಳಿಯುತ್ತಾರೆ. ಮೂಟೆಯ ಮರೆಯಲ್ಲಿ ಮುಂದೆ ಕಾಣದಿದ್ದರೆ ಮುಂದೆ ಹೋಗುವುದೇ ಇಲ್ಲ. ಮೇಲಿನ ಮೂಟೆ ಸರಿಮಾಡಲು ಹಮಾಲಿ ಧರ್ಮೇಶ್ ಕಬ್ಬಿಣದ ಕೈಯ ಮೇಲೆ ಕಾಲಿಟ್ಟರೆ ಅಲ್ಲೇ ಕೀ ತೆಗೆಯುತ್ತಾರೆ. “ಏಣಿ ತರೋತನಕ ಎದ್ದೇಳಲ್ಲ ಆಸಾಮಿ. ದೇವ್ರು ಬಂದು ಕೈ ಅಡ್ಡ ಹಾಕಿದ್ರೂ ಹತ್ತಿಸ್ಕಳಲ್ಲ,” ಎಂದು ಧರ್ಮೇಶ್ ನಗುತ್ತಾನೆ.

ಎಲ್ಲರೂ ನಗುತ್ತಾರೆ, ಸೀತಕ್ಕ ಮಾತ್ರ ನಗುವುದಿಲ್ಲ. ಆಸ್ಪತ್ರೆಯಿಂದ ಬಂದು ಕೆಲಸಕ್ಕೆ ಸೇರಿದ ಮೊದಲ ದಿನ ಅಂಗಳ ದಾಟಲು ಕಷ್ಟವಾಗಿ ಅವರು ಪುಟ್ಟಪ್ಪನಿಗೆ ಕೈ ಅಡ್ಡ ಹಾಕಿದರಂತೆ. ಪುಟ್ಟಪ್ಪ ತಲೆ ತಗ್ಗಿಸಿ “ಆಗಲ್ಲ ಸೀತಕ್ಕ” ಎಂದರಂತೆ.

“ಕಾಲು ಮುರಿದಾಗ ನಾನು ಒಂದು ಮಾತು ಅನ್ಲಿಲ್ಲ. ಗಟ್ಟಿ ಕಾಲಿದ್ದಾಗ ಕರೆದು ಕೂರಿಸ್ಕಂಡ. ಈಗ ಕುಂಟ್ತಾ ಬರೋಳಿಗೆ ಆಗಲ್ಲ ಅಂತಾನೆ. ಇದು ಯಾವ ನ್ಯಾಯ ಹೇಳಿ?” ಎಂದು ಶೆಡ್ಡಿನಲ್ಲಿ ಅಡಿಕೆ ಆರಿಸುತ್ತಲೇ ಅವರು ನನ್ನನ್ನು ಕೇಳಿದರು.

ಅದನ್ನೇ ಪುಟ್ಟಪ್ಪನನ್ನು ಕೇಳಿದೆ. “ಅವರು ಹೇಳೋದೂ ಸರಿನೇ. ಆದ್ರೆ ಒಂದ್ಸಲ ಇಲ್ಲ ಅನ್ನಕ್ಕಾಗದೆ ಅವ್ರ ಕಾಲು ತೆಗೆದೆ. ಎಂಜಿನ್ ಯಾಕೆ ಆಫ್ ಮಾಡ್ತೀನಿ ಅಂದ್ರೆ, ಅದು ಓಡ್ತಾ ಇದ್ರೆ ಕಾಲು ತಂತಾನೇ ಪೆಡಲ್ ಹುಡುಕ್ತದೆ. ನನ್ನ ಕಾಲಿನ ಮೇಲೆ ನನಗೆ ನಂಬಿಕೆ ಇಲ್ಲ. ಅವ್ರು ಮಾತಾಡಿದ್ರೆ ಸಾಕಿತ್ತು,” ಎಂದರು.

ಎರಡನೆಯ ಸಲ ನಾನು ಹೋದ ದಿನ ಅಂಗಳದಲ್ಲಿ ಎರಡು ಲಾರಿ ನಿಂತಿವೆ. ಕತ್ತಲಾಗುವುದರೊಳಗೆ ಘಾಟಿ ಇಳಿಯಬೇಕೆಂದು ಡ್ರೈವರುಗಳು ಹಾರ್ನ್ ಹೊಡೆಯುತ್ತಿದ್ದಾರೆ. ಊಟ ಮುಗಿಸಿದ ಸೀತಕ್ಕ ಗೇಟಿನ ಬಳಿಯಿಂದ ಶೆಡ್ಡಿನ ಕಡೆ ಹೊರಟಿದ್ದಾರೆ. ಪುಟ್ಟಪ್ಪ ಎಂದಿನಂತೆ ಹೊರೆ ಇಳಿಸಿ ಎಂಜಿನ್ ನಿಲ್ಲಿಸುತ್ತಾರೆ.

ಮ್ಯಾನೇಜರ್ ರೇಣುಕಾಪ್ರಸಾದ್ ಕೂಗುತ್ತಾರೆ: “ಎಂತ ಮಾರಾಯ ಇದು ದಿನಾ! ಸೀತಕ್ಕನ್ನ ಹಿಂದೆ ಕೂರಿಸ್ಕಂಡು ಆಚೆ ಬಿಟ್ಟು ಬಾ. ಇದೊಂದ್ಸಲ.”

ಮೂಟೆ ಹೊರುವವರೂ ನಿಂತು ನೋಡುತ್ತಾರೆ. ಸೀತಕ್ಕನೂ ನಿಲ್ಲುತ್ತಾರೆ. ಹತ್ತು ಎಂದರೆ ಹತ್ತುವವರಂತೆ ಊಟದ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡಿದ್ದಾರೆ. ಪುಟ್ಟಪ್ಪ ಕೆಳಗಿಳಿಯುತ್ತಾರೆ. ಕೀ ತೆಗೆದು ಮ್ಯಾನೇಜರರ ಕೈಗೆ ಕೊಡುತ್ತಾರೆ.

“ಬೇರೆಯವ್ರನ್ನ ನೋಡ್ಕಳಿ ಸರ್. ಅವ್ರಿಗೆ ಇನ್ನು ಉಳಿದಿರೋದು ಒಂದೇ ಕಾಲು,” ಎನ್ನುತ್ತಾರೆ. ಬಸರೀಕಟ್ಟೆಯ ಜೀಪನ್ನು ಮಾರಿ ಎಷ್ಟೋ ಕಾಲವಾಗಿದೆ, ಈ ಕೆಲಸ ಹೋದರೆ ಅವರಿಗೆ ಬೇರೊಂದು ದಾರಿ ಇದ್ದಂತಿಲ್ಲ.

ಮ್ಯಾನೇಜರ್ ಕೀ ಹಿಡಿದುಕೊಂಡೇ ನಿಂತಿದ್ದಾರೆ. ಸೀತಕ್ಕ ಪುಟ್ಟಪ್ಪನ ಮುಖವನ್ನು ಒಂದು ಗಳಿಗೆ ನೋಡುತ್ತಾರೆ. ಆಮೇಲೆ ಹಳದಿ ಗೆರೆಗೆ ಕಾಲಿಟ್ಟು, ಒಂದು ಕಾಲು ಎಳೆಯುತ್ತ, ಯಾವ ಅವಸರವೂ ಇಲ್ಲದೆ ಅಂಗಳ ದಾಟುತ್ತಾರೆ. ಲಾರಿಗಳ ಹಾರ್ನ್ ಕೂಡ ನಿಂತಿದೆ. ಶೆಡ್ಡಿನ ಬಾಗಿಲಲ್ಲಿ ಅವರು ಹಿಂತಿರುಗಿ ನಿಲ್ಲುತ್ತಾರೆ.

“ಏ ಪುಟ್ಟಪ್ಪ, ದಾಟ್ದೆ ಕಣಾ. ಇನ್ನು ಬಾ.”

ರೇಣುಕಾಪ್ರಸಾದ್ ಕೀಯನ್ನು ಹಿಂದಕ್ಕೆ ಕೊಡುತ್ತಾರೆ. ಕಬ್ಬಿಣದ ಕೈಗಳು ನೆಲದಿಂದ ಒಂದು ಗೇಣು ಏಳುತ್ತವೆ. ಲಾರಿಗಳು ತುಂಬಿ ಘಾಟಿಯ ದಾರಿ ಹಿಡಿಯುತ್ತವೆ.

ಸಂಜೆ ಯಂತ್ರ ನಿಲ್ಲಿಸಿ ಕೈ ತೊಳೆಯುತ್ತಿದ್ದ ಪುಟ್ಟಪ್ಪನನ್ನು, ಇನ್ನೇನಾದರೂ ಆಸೆಯಿದೆಯೇ ಎಂದು ಕೇಳಿದೆ. ಅವರು ಕೈ ಒರೆಸಿಕೊಳ್ಳುತ್ತ ಶೆಡ್ಡಿನ ಕಡೆ ನೋಡಿದರು.

“ಇಷ್ಟು ದಿನ ಅವ್ರು ದಾಟಿದ್ರೋ ಇಲ್ವೋ ಅಂತ ನಾನೇ ಕತ್ತು ಉದ್ದ ಮಾಡಿ ನೋಡ್ಬೇಕಿತ್ತು ಮಾರಾಯ್ರೆ. ನಾಳೆಯಿಂದ ಅವ್ರೇ ಹೇಳ್ತಾರೆ.”