ಗದ್ವಾಲದ ತಾತ ನೋಡಬೇಕಾಗಿದ್ದ ಜಾಹೀರಾತು

ನನ್ನ ಮದುವೆ ತಡವಾಗಿದ್ದು ಜಾತಕದಿಂದಲ್ಲ, ಒಂದು ರಾಜ್ಯದ ಹೆಸರಿನಿಂದ. ಹೀಗೆ ಥಟ್ಟನೆ ಹೇಳಿದರೆ ಯಾರೂ ನಂಬುವುದಿಲ್ಲ. ನಮ್ಮ ಅಜ್ಜಿ ಕಥೆ ಹೇಳುವಾಗ ಮೊದಲು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚುತ್ತಿದ್ದಳು. ಕೇಳುವವರು ಎದ್ದು ಹೋಗುವುದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಶುರು. ನಾನೂ ಹಾಗೆಯೇ ಹೇಳುತ್ತೇನೆ.

ತೆಲಂಗಾಣ ರಾಜ್ಯ ಬಂದ ಮರುವರ್ಷದ ಮಾತು. ಕರ್ನಾಟಕದ ಗಡಿಗೆ ಹತ್ತಿರದ ಮಕ್ತಲಿನ ಬಸ್ ನಿಲ್ದಾಣದ ಹಿಂದೆ ನಮ್ಮ ಮನೆ. ಮುಂದಿನ ಕೋಣೆಯಲ್ಲಿ ಹಳೆ ಕಂಪ್ಯೂಟರ್ ಒಂದನ್ನು ಇಟ್ಟುಕೊಂಡು ನಾನು ಅಫಿಲಿಯೇಟ್ ಮಾರ್ಕೆಟಿಂಗ್ ಮಾಡುತ್ತಿದ್ದೆ. ಅಂದರೆ ಆನ್‌ಲೈನ್ ಅಂಗಡಿಯವರ ಮಾಲಿಗೆ ಗಿರಾಕಿ ಹುಡುಕಿ ಕಳಿಸುವುದು; ಗಿರಾಕಿ ಕೊಂಡರೆ ಅಂಗಡಿಯವರಿಂದ ನನಗೆ ಕಮಿಷನ್. ಗಿರಾಕಿಯ ಕಣ್ಣಿಗೆ ಬೀಳಲು ಜಾಹೀರಾತು ಬೇಕು. ಜನ ಫೋನಿನಲ್ಲಿ ಹಾಡು, ಸುದ್ದಿ, ಪಂಚಾಂಗ ನೋಡುವಾಗ ಮೇಲೆ ಕೆಳಗೆ ಚಿತ್ರದ ಪಟ್ಟಿಗಳು ಬರುತ್ತವಲ್ಲ, ಆ ಜಾಗಗಳನ್ನು ಸಾವಿರಾರು ಪುಟಗಳಿಂದ ಒಟ್ಟುಮಾಡಿ ಬಾಡಿಗೆಗೆ ಕೊಡುವವರಿದ್ದಾರೆ. ಅವರೇ ಆ್ಯಡ್ ನೆಟ್‌ವರ್ಕಿನವರು. ಒಳ್ಳೆ ನೆಟ್‌ವರ್ಕ್ ಸಿಕ್ಕರೆ ನನ್ನ ದುಕಾನ ನಡೆದಂತೆ, ಇಲ್ಲವಾದರೆ ಮುಚ್ಚಿದಂತೆ.

ನಾನು ಹೆಚ್ಚಾಗಿ ಮಾರುತ್ತಿದ್ದದ್ದು ತಲೆಗೆ ಕಟ್ಟಿಕೊಳ್ಳುವ ಬ್ಯಾಟರಿ. ಟಾರ್ಚಿಗೆ ನಮ್ಮ ಕಡೆ ಬ್ಯಾಟರಿ ಎಂದೇ ಹೆಸರು. ಕತ್ತಲಲ್ಲಿ ಹೊಲದ ಮೋಟರ್ ಹಾಕಲು ಹೋಗುವವರಿಗೆ, ಕುರಿ ಹಟ್ಟಿ ಕಾಯುವವರಿಗೆ ಎರಡೂ ಕೈ ಬಿಡುವಾಗಿರುವ ಬೆಳಕು ಅದು. ಯಾರಾದರೂ ಮಗ ಏನು ಮಾಡುತ್ತಾನೆ ಎಂದು ಕೇಳಿದರೆ ಅವ್ವ, ಬ್ಯಾಟರಿ ಮಾರುತ್ತಾನೆ, ಆದರೆ ಮನೆಯಲ್ಲಿ ಒಂದೂ ಬ್ಯಾಟರಿ ಇಲ್ಲ ಎಂದು ಹೇಳಿ ಅವರನ್ನು ಇನ್ನಷ್ಟು ಗಲಿಬಿಲಿ ಮಾಡುತ್ತಿದ್ದಳು.

ಹೀಗಿರುವಾಗ ನಮ್ಮ ರಾಜ್ಯದ್ದೇ ಆದ ಗದ್ವಾಲದಿಂದ ಒಂದು ಸಂಬಂಧ ಬಂತು. ಹುಡುಗಿಗೆ ತಂದೆ ತಾಯಿ ಇದ್ದರೂ ಆ ಮನೆಯಲ್ಲಿ ಮಾತು ನಡೆಯುವುದು ತಾತನದು. ಕುರುಬರ ದೇವರು ಬೀರಪ್ಪನ ಭಕ್ತ. ಹಣೆ ತುಂಬ ಭಂಡಾರದ ಅರಿಸಿನ, ಬೇಸಿಗೆಯಲ್ಲೂ ಹೆಗಲ ಮೇಲೆ ಕಂಬಳಿ. ಪ್ರತ್ಯೇಕ ರಾಜ್ಯಕ್ಕಾಗಿ ಹೋರಾಡುತ್ತ ಜನ ರಸ್ತೆಯ ಮೇಲೆಯೇ ಒಲೆ ಹೂಡಿ ಅಡಿಗೆ ಮಾಡಿ ಉಂಡ ದಿನಗಳಲ್ಲಿ ಇವರು ಡೊಳ್ಳು ಬಾರಿಸಿ ಬಾರಿಸಿ ಅದರ ಚರ್ಮ ಹರಿದಿದ್ದರಂತೆ. ಆ ಹರಿದ ಡೊಳ್ಳು ಇನ್ನೂ ಪಡಸಾಲೆಯ ಗೂಟಕ್ಕೆ ತೂಗುತ್ತಿತ್ತು. ಹೊಲಿಸಲು ಅವರು ಒಪ್ಪಿರಲಿಲ್ಲ.

ನಾನು ಮತ್ತು ನನ್ನ ಸೋದರಮಾವ ಹೆಣ್ಣು ನೋಡಲು ಹೋದೆವು. ಹುಡುಗಿ ಚಹ ಕೊಟ್ಟು ಒಳಬಾಗಿಲಿಗೆ ಒರಗಿ ನಿಂತಳು. ತಾತ ಕಟ್ಟೆಯ ಮೇಲೆ ಕುಳಿತು ನನ್ನ ಕೆಲಸದ ವಿಚಾರ ತೆಗೆದರು. ನಾನು ಹೇಳಿದೆ. ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ.

"ಅಡತಿ ದುಕಾನ ಐತಿ ಅನ್ನು," ಎಂದರು. "ಮಾಲು ಒಬ್ಬಂದು, ಗಿರಾಕಿ ಒಬ್ಬ, ನಡುವ ನೀನು. ದುಕಾನ ಎಲ್ಲೈತಿ?"

"ಎಲ್ಲಾ ಕಡೆ ಐತ್ರಿ ತಾತ. ಫೋನಿನಾಗ ಬರ್ತೈತಿ."

ತಾತ ಮಡಿಲಿನಿಂದ ತಮ್ಮ ಫೋನು ತೆಗೆದು ನನ್ನ ಕೈಗೆ ಕೊಟ್ಟರು. ಮೊಮ್ಮಗಳೇ ಕೊಡಿಸಿದ ಟಚ್ ಫೋನು. ನಾನು ಒತ್ತಿದೆ, ಸರಿಸಿದೆ, ಮತ್ತೆ ಒತ್ತಿದೆ. ಸೀರೆ ಬಂತು, ಸಿಮೆಂಟ್ ಬಂತು, ತಲೆಗೂದಲ ಎಣ್ಣೆ ಬಂತು. ನನ್ನ ಬ್ಯಾಟರಿ ಮಾತ್ರ ಬರಲಿಲ್ಲ. ಮಾವ ಸುಮ್ಮನೆ ಕೆಮ್ಮತೊಡಗಿದರು.

"ಎಲ್ಲಾ ಕಡೆ ಐತಿ, ಗದ್ವಾಲದಾಗ ಇಲ್ಲ," ಎಂದರು ತಾತ. ಒಳಬಾಗಿಲಲ್ಲಿ ನಿಂತವಳು ನಕ್ಕಳು. ಸೆರಗು ಅಡ್ಡ ಹಿಡಿಯದೆಯೇ ನಕ್ಕಳು.

ನಿಜ ಹೇಳಲೇಬೇಕಾಯಿತು. ನೆಟ್‌ವರ್ಕಿನಲ್ಲಿ ಜಾಹೀರಾತು ಹಾಕುವಾಗ ಯಾವ ರಾಜ್ಯದವರಿಗೆ ತೋರಿಸಬೇಕು ಎಂದು ಒಂದು ಪಟ್ಟಿ ಬರುತ್ತದೆ. ನಮ್ಮ ರಾಜ್ಯ ಹುಟ್ಟಿ ವರ್ಷವಾಗಿದ್ದರೂ ಆ ಪಟ್ಟಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ. ನಾವೆಲ್ಲ ಇನ್ನೂ ಆಂಧ್ರದ ಹೆಸರಿನ ಕೆಳಗೇ ಇದ್ದೆವು. ಅದನ್ನು ಒತ್ತಲು ನನಗೆ ಮನಸ್ಸು ಬರಲಿಲ್ಲ. ಅಷ್ಟು ವರ್ಷ ಬೇಡಿ ಪಡೆದದ್ದನ್ನು ನಾನೇ ಒಂದು ಬೆರಳಿನಿಂದ ವಾಪಸ್ಸು ಕೊಟ್ಟಂತೆ ಅನಿಸಿತ್ತು. ಮನೆಮಾತು ಕನ್ನಡವಿದ್ದೇ ಇತ್ತಲ್ಲ, ಕರ್ನಾಟಕವನ್ನು ಒತ್ತಿದ್ದೆ. ಹಾಗಾಗಿ ನನ್ನ ಬ್ಯಾಟರಿ ಕೃಷ್ಣೆಯ ಆಚೆ ರಾಯಚೂರಿನಲ್ಲಿ ಮನೆಮನೆಗೆ ಕಾಣುತ್ತಿತ್ತು. ಈಚೆ ನಮ್ಮೂರಿನಲ್ಲಿ ನನ್ನ ಹೆತ್ತ ತಾಯಿಗೂ ಕಾಣುತ್ತಿರಲಿಲ್ಲ.

ತಾತನಿಗೆ ಸಿಟ್ಟು ಬರಲಿಲ್ಲ. ಮನಸ್ಸಿಗೆ ತಾಗಿದಂತಾಯಿತು. ಮಾವ, ಅದಕ್ಕೇನು, ಒಂದು ದಿನದ ಮಟ್ಟಿಗೆ ಆಂಧ್ರ ಎಂದು ಒತ್ತಿ ತೋರಿಸುತ್ತಾನೆ ಬಿಡಿ ಎಂದರು.

"ಆಂಧ್ರದವರ ಮ್ಯಾಲ ನನಗ ಸಿಟ್ಟಿಲ್ಲಪ," ಎಂದರು ತಾತ. "ಅಣ್ಣತಮ್ಮರು ಬ್ಯಾರೆ ಆಗೀವಿ. ನನ್ನ ಮನಿಗೆ ಬರೋ ಟಪಾಲು ಅಣ್ಣನ ಹೆಸರಿಗೆ ಬಂದ್ರ ನಾ ಹೆಂಗ ಇಸ್ಕೊಳ್ಳಲಿ?"

ಆಮೇಲೆ ಅವರು ತೀರ್ಮಾನ ಹೇಳಿದರು. ಗಡಿಯಾಚೆಯವರಿಗೆ ಮಾತ್ರ ಕಾಣುವ ದುಕಾನ ನಂಬಿ ಮೊಮ್ಮಗಳನ್ನು ಕೊಡಲಾಗದು. ಆ ಜಾಹೀರಾತು ತಾನಾಗಿ ತಮ್ಮ ಫೋನಿಗೆ ಬರಬೇಕು. ಇದೇ ಗದ್ವಾಲದಲ್ಲಿ, ಇದೇ ಕಟ್ಟೆಯ ಮೇಲೆ ತಮ್ಮ ಕಣ್ಣಿಗೆ ಬೀಳಬೇಕು. ಆಂಧ್ರದ ಹೆಸರಿನಲ್ಲಿ ಬರಬಾರದು. ದಸರೆಯೊಳಗೆ ಬಂದರೆ ಹುಡುಗಿ ನನಗೆ. ಇಲ್ಲವಾದರೆ ಕೆ.ಟಿ. ದೊಡ್ಡಿ ಎಂಬ ಊರಿನಲ್ಲಿ ದೂರದ ಸಂಬಂಧಿಯಾದ ಒಬ್ಬ ಬಸ್ ಕಂಡಕ್ಟರ್ ಇದ್ದಾನೆ, ಅವನ ಮನೆಯವರೂ ಹುಡುಗಿಯನ್ನು ಕೇಳಿದ್ದಾರೆ.

ಬಸ್ಸಿನಲ್ಲಿ ಮಾವ ಊರು ಬರುವವರೆಗೂ ಬಿಡಲಿಲ್ಲ. "ಅಳಿಯಾ, ಮಂದಿ ವರದಕ್ಷಿಣಿ ಕೇಳ್ತಾರ, ಬಂಗಾರ ಕೇಳ್ತಾರ. ನಿನಗ ನೋಡು, ರಾಜ್ಯ ತಗೊಂಬಾ ಅಂದ್ರು."

ಅವತ್ತಿನಿಂದ ನೆಟ್‌ವರ್ಕ್ ಹುಡುಕುವುದೇ ನನ್ನ ಹಗಲಿನ ಕೆಲಸವಾಯಿತು. ಎಲ್ಲಕ್ಕಿಂತ ದೊಡ್ಡದಕ್ಕೆ ಅರ್ಜಿ ಹಾಕಿದೆ. ನಾನು ಹಾಕಬಲ್ಲ ಹಣ ಕಡಿಮೆ ಎಂದು ಸಭ್ಯವಾಗಿ ತಿರುಗಿಸಿದರು. ಇನ್ನೊಂದರ ಮ್ಯಾನೇಜರು ಎಷ್ಟು ಪ್ರೀತಿಯವನೆಂದರೆ ದಿನಾ ಬೆಳಿಗ್ಗೆ ನನ್ನ ಆರೋಗ್ಯ ವಿಚಾರಿಸುತ್ತಿದ್ದ. ಆದರೆ ಅವನು ಕಳಿಸುತ್ತಿದ್ದ ಗಿರಾಕಿಗಳೆಲ್ಲ ನಾನು ಹೆಸರೇ ಕೇಳದ ದೇಶಗಳವರು, ಬರುವುದು ಒತ್ತುವುದು ಹೋಗುವುದು, ಒಬ್ಬನೂ ಕೊಂಡವನಲ್ಲ. ಅವರು ಮನುಷ್ಯರೋ ಯಂತ್ರವೋ ಎಂಬ ಅನುಮಾನ ಇನ್ನೂ ಹೋಗಿಲ್ಲ. ಮತ್ತೊಂದು ನೆಟ್‌ವರ್ಕ್ ನನ್ನ ಬ್ಯಾಟರಿಯನ್ನು ಎಂತೆಂಥ ಪುಟಗಳ ಮೇಲೆ ಹಾಕಿತೆಂದರೆ, ಅವ್ವ ಕೋಣೆಗೆ ಬಂದಾಗ ನಾನು ಕಂಪ್ಯೂಟರಿಗೆ ಟವೆಲ್ ಹೊದಿಸಬೇಕಾಯಿತು.

ಕೊನೆಗೆ ರಾಜ್ಯದ ಪಟ್ಟಿಯೇ ಇಲ್ಲದ ಒಂದು ಸಿಕ್ಕಿತು. ಭಾರತ ಎಂದು ಒತ್ತಿದರೆ ಇಡೀ ದೇಶಕ್ಕೆ ಲಕ್ಷಗಟ್ಟಲೆ ಸಲ ತೋರಿಸುತ್ತಿದ್ದರು. ತಾತನ ಷರತ್ತಿಗೆ ಒಪ್ಪುತ್ತದೆ ಎಂದು ಕುಣಿದಾಡಿದೆ. ಬ್ಯಾಟರಿ ಅಸ್ಸಾಮಿಗೆ ಹೋಯಿತು, ಕಛ್‌ಗೆ ಹೋಯಿತು. ಗದ್ವಾಲದ ಕಟ್ಟೆಗೆ ಬರಲಿಲ್ಲ. ದೇಶ ದೊಡ್ಡದು, ತಾತ ಒಬ್ಬರು. ದಸರೆಗೆ ಮುಂಚಿನ ಹೂವಿನ ಹಬ್ಬ ಬತುಕಮ್ಮಕ್ಕೆ ತಂಗೇಡಿ ಹೂವು ತರಬೇಕು ಎಂದು ಓಣಿಯ ಹೆಂಗಸರು ಮಾತಾಡುವುದು ಕೇಳಿದರೆ, ದಸರೆ ಹತ್ತಿರ ಬಂತಲ್ಲ ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ತಾತನ ನಂಬರಿನಿಂದ ಫೋನು ಬಂತು. ಮಾತಾಡಿದ್ದು ತಾತ ಅಲ್ಲ.

"ನಾನ್ರೀ, ಗದ್ವಾಲದಾಕಿ. ಕಂಡಕ್ಟರ್ ಫೋಟೋ ಬಂದೈತ್ರಿ. ಮೀಸಿ ಚಲೋ ಐತಿ."

ನನ್ನ ಪಾಡು ಹೇಳಿಕೊಂಡೆ: ಇಂಥ ನೆಟ್‌ವರ್ಕ್ ನೋಡಿದೆ, ಇಷ್ಟು ಲಕ್ಷ ಜನಕ್ಕೆ ತೋರಿಸಿದೆ.

"ದೇಶದ ತುಂಬ ಬ್ಯಾಟರಿ ಹಿಡಕೊಂಡು ತಿರಗ್ತೀರಿ," ಎಂದಳು. "ತಾತ ಎಲ್ಲಿ ಕುಂತಿರ್ತಾನ ಅಂತ ಒಂದ್ಸಲರ ಕೇಳೀರೇನ್ರಿ?"

ಕೇಳಿರಲಿಲ್ಲ. ಅವಳೇ ಹೇಳಿದಳು. ತಾತ ದಿನಾ ಬೆಳಿಗ್ಗೆ ಭಂಡಾರ ಹಚ್ಚಿಕೊಂಡು, ಬೀರಪ್ಪನ ಡೊಳ್ಳಿನ ಹಾಡು ಹಾಕಿಸಿಕೊಂಡು ಕೇಳುತ್ತಾರೆ. ಅದು ಯಾವಾಗಲೂ ಒಂದೇ ಹಾಡಿನ ಪುಟದಿಂದ. ಆ ಪುಟದ ಮೇಲೆ ಬರುವ ಜಾಹೀರಾತಿನ ಮೂಲೆಯಲ್ಲಿ ಒಂದು ಸಣ್ಣ ಗುರುತು ಇದೆ, ಅದು ಯಾರ ಗುರುತು ಎಂದು ನೋಡಬಾರದೇ ಎಂದಳು. ನಾನು ಇಷ್ಟು ದಿನ ಅತಿ ಹೆಚ್ಚು ಜನಕ್ಕೆ ತೋರಿಸುವವರು ಯಾರು ಎಂದು ಹುಡುಕಿದ್ದೆ. ನನಗೆ ಬೇಕಾದವರು ಯಾವ ಪುಟದಲ್ಲಿ ಕೂರುತ್ತಾರೆ, ಆ ಪುಟದ ಜಾಗ ಯಾರ ಕೈಯಲ್ಲಿದೆ ಎಂದು ಹಿಂದಿನಿಂದ ಬರಬೇಕು ಎಂಬುದು ಅವತ್ತು ತಲೆಗೆ ಹೋಯಿತು. ಈಗಲೂ ಈ ಕೆಲಸ ಕಲಿಯಲು ಬಂದವರಿಗೆ ನಾನು ಮೊದಲು ಹೇಳುವ ಪಾಠ ಇದು. ಯಾರಿಂದ ಕಲಿತೆ ಎಂದು ಮನೆಯಲ್ಲಿ ಅವಳಿದ್ದಾಗ ಮಾತ್ರ ಹೇಳುತ್ತೇನೆ.

ಆ ಗುರುತಿನ ನೆಟ್‌ವರ್ಕಿನ ಹೆಸರು ನಾನು ಕೇಳಿಯೇ ಇರಲಿಲ್ಲ. ಹಾಡಿನ ಪುಟ, ಸಿನಿಮಾ ಸುದ್ದಿಯ ಪುಟ ಎಂದು ದಕ್ಷಿಣದ ಎಷ್ಟೋ ಪುಟಗಳು ಅವರ ಬಳಿ ಇದ್ದವು. ಸಣ್ಣವರನ್ನೂ ಸೇರಿಸಿಕೊಳ್ಳುತ್ತಿದ್ದರು. ಅಲ್ಲಿ ರಾಜ್ಯ ಆರಿಸುವ ಗೊಡವೆಯೇ ಇರಲಿಲ್ಲ, ಬೇಕಾದ ಪುಟವನ್ನೇ ಆರಿಸಬಹುದಿತ್ತು. ಆ ಹಾಡಿನ ಪುಟವನ್ನು ಒತ್ತಿದೆ.

ಇನ್ನು ಚಿತ್ರ. ಕಂಪನಿ ಕೊಟ್ಟ ಚಿತ್ರದಲ್ಲಿ ಯಾರೋ ಪರದೇಶದವನು ಬ್ಯಾಟರಿ ಕಟ್ಟಿಕೊಂಡು ಹಿಮದ ಬೆಟ್ಟ ಹತ್ತುತ್ತಿದ್ದ. ತಾತನಿಗೆ ಓದು ಬಾರದು, ಹಿಮ ಗೊತ್ತಿಲ್ಲ. ಅದಕ್ಕೇ ಒಂದು ಬ್ಯಾಟರಿ ತರಿಸಿ, ಮಾವನಿಗೆ ಕೆಂಪು ರುಮಾಲು ಸುತ್ತಿಸಿ, ಅದರ ಮೇಲೆ ಕಟ್ಟಿ, ಬಿಸಿಲಿಗೆ ನಿಲ್ಲಿಸಿ ಫೋಟೋ ತೆಗೆದೆ. ಎಷ್ಟು ಸಲ ತೆಗೆದರೂ ಮಾವ ಕಣ್ಣು ಮುಚ್ಚಿಬಿಡುತ್ತಿದ್ದರು. ಕಣ್ಣು ಮುಚ್ಚಿದ್ದನ್ನೇ ಹಾಕಿದೆ.

ಮರುದಿನ ಅವಳಿಂದ ಸುದ್ದಿ: ಬಂದಿದೆ. ಆದರೆ ತಾತ ನೋಡಲಿಲ್ಲ. ಹಾಡಿಗೆ ಅಡ್ಡ ಬರುವುದನ್ನೆಲ್ಲ ನೊಣ ಓಡಿಸಿದಂತೆ ಹೆಬ್ಬೆರಳಿನಿಂದ ತಳ್ಳಿಬಿಡುತ್ತಾರೆ. ನೀನೇ ತೋರಿಸಬಾರದೇ ಎಂದೆ. ತಾನಾಗಿ ಕಣ್ಣಿಗೆ ಬೀಳಬೇಕು ಎಂದಿದ್ದಾರೆ, ತಾನು ತೋರಿಸಿದರೆ ಮೋಸವಾಗುತ್ತದೆ ಎಂದಳು. ನನಗೆ ಸಿಟ್ಟೂ ಬಂತು, ಅವಳ ಮೇಲಿನ ಆಸೆಯೂ ಹೆಚ್ಚಾಯಿತು.

ಒಬ್ಬರಿಗೆ ದಿನಕ್ಕೆ ಇಷ್ಟೇ ಸಲ ತೋರಿಸಬೇಕು ಎಂದು ನೆಟ್‌ವರ್ಕಿನಲ್ಲಿ ಒಂದು ಮಿತಿ ಇರುತ್ತದೆ. ಕಾಟ ಕೊಡಬಾರದೆಂದು ನಾನು ಅದನ್ನು ಯಾವಾಗಲೂ ಕಡಿಮೆ ಇಡುತ್ತಿದ್ದೆ. ಆವತ್ತು ಮಿತಿಯನ್ನೇ ತೆಗೆದುಹಾಕಿದೆ. ಹಾಡಿನ ಮೇಲೆ, ಹಾಡಿನ ಕೆಳಗೆ, ಎರಡು ಹಾಡಿನ ನಡುವೆ, ಎಲ್ಲಿ ಜಾಗವಿದೆಯೋ ಅಲ್ಲೆಲ್ಲ ನನ್ನದೇ ಇರಲಿ ಎಂದು ಕೇಳಿದೆ. ಕೈಯಲ್ಲಿದ್ದ ದುಡ್ಡನ್ನೆಲ್ಲ ಹಾಕಿದೆ. ದಸರೆಗೆ ಇನ್ನು ಉಳಿದದ್ದು ಬೆರಳಿನಲ್ಲಿ ಎಣಿಸುವಷ್ಟು ದಿನ.

ಮರುಬೆಳಿಗ್ಗೆ ನಾನು ಹಲ್ಲುಜ್ಜುತ್ತಿದ್ದಾಗ ಫೋನು. ಈ ಸಲ ತಾತನೇ.

"ತಮ್ಮಾ, ನಿನ್ನ ಸೋದರಮಾವ ನನ್ನ ಫೋನಿನಾಗ ಯಾಕ ಕುಂತಾನ?"

ನಾನು ಬಾಯಿ ತೊಳೆದುಕೊಳ್ಳುವಷ್ಟರಲ್ಲಿ ಅವರೇ ಮುಂದುವರಿಸಿದರು. "ಬೀರಪ್ಪನ ಹಾಡು ಒತ್ತಿದ್ರ ಇಂವ ಬರ್ತಾನ. ತಳ್ಳಿದ್ರ ಮತ್ತ ಕೆಳಗ ಬರ್ತಾನ. ತಲಿಗೆ ದೀಪ ಕಟಗೊಂಡಾನ, ಕಣ್ಣು ಮುಚ್ಚ್ಯಾನ. ಹುಷಾರ ಇದ್ದಾನೇನು?"

"ಹುಷಾರ ಇದ್ದಾರ್ರಿ ತಾತ. ಅದ ನನ್ನ ದುಕಾನ್ರಿ."

ತಾತ ಫೋನನ್ನು ಇನ್ನೊಂದು ಕಿವಿಗೆ ಹಿಡಿದಂತಾಯಿತು. ದೂರದಲ್ಲಿ ಕೋಳಿ ಕೂಗುವುದು ಕೇಳುತ್ತಿತ್ತು.

"ಗದ್ವಾಲಕ್ಕ ಬಂತು ಅನ್ನು."

"ಬಂತ್ರಿ."

"ಯಾರ ಹೆಸರಿನ ಮ್ಯಾಲ ಬಂತು?"

"ಯಾವ ರಾಜ್ಯದ ಹೆಸರೂ ಇಲ್ರಿ. ಬೀರಪ್ಪನ ಹಾಡು ಕೇಳೋರಿಗೆ ಅಂತ ಬಂದೈತ್ರಿ."

ತಾತ ಅದನ್ನು ಬಾಯಲ್ಲಿ ಹಾಕಿಕೊಂಡು ಮೆಲುಕು ಹಾಕಿದಂತೆ ಮತ್ತೊಮ್ಮೆ ಹೇಳಿಕೊಂಡರು. ಆಮೇಲೆ ಯಾರನ್ನೋ ಒಳಗಿನಿಂದ ಕರೆದು, ಕೆ.ಟಿ. ದೊಡ್ಡಿಯವರಿಗೆ ಆಗುವುದಿಲ್ಲವೆಂದು ಹೇಳಿ ಕಳಿಸಿ ಎಂದದ್ದು ಕೇಳಿಸಿತು. ಮತ್ತೆ ಫೋನಿಗೆ ಬಂದು, "ಹುಡುಗಿ ಕೊಟ್ಟೀನಿ. ಮೊದಲ ನಿನ್ನ ಮಾವನ್ನ ಇಳಸು, ಹಾಡು ಕೇಳಬೇಕು," ಎಂದರು.

ಇಳಿಸುವುದು ಅಷ್ಟು ಸುಲಭವಾಗಲಿಲ್ಲ. ಒಪ್ಪಿಕೊಂಡ ಲೆಕ್ಕ ಮುಗಿಯುವವರೆಗೆ ನಿಲ್ಲಿಸಲು ಬರುವುದಿಲ್ಲ ಎಂದು ನೆಟ್‌ವರ್ಕಿನವರು ಬರೆದರು. ನಿಶ್ಚಿತಾರ್ಥದ ದಿನವೂ ಮಾವ ಆ ಫೋನಿನಲ್ಲಿ ಕಣ್ಣು ಮುಚ್ಚಿಕೊಂಡೇ ಇದ್ದರು. ಕೆ.ಟಿ. ದೊಡ್ಡಿಯ ಕಂಡಕ್ಟರ್ ಸಂಬಂಧಿಕನಾದ್ದರಿಂದ ಊಟಕ್ಕೆ ಬಂದಿದ್ದ. ಅವಳು ಹೇಳಿದ್ದು ನಿಜ, ಮೀಸೆ ಚೆನ್ನಾಗಿತ್ತು. ಅವನು ತಾತನ ಫೋನು ಇಸಿದುಕೊಂಡು ನೋಡಿ, ರಾತ್ರಿ ಬಸ್ಸಿನಲ್ಲಿ ಟಿಕೀಟು ಹರಿಯಲು ಒಳ್ಳೆಯದಾಗುತ್ತದೆ ಎಂದು ಅಲ್ಲೇ ಒಂದು ಬ್ಯಾಟರಿಗೆ ಆರ್ಡರ್ ಹಾಕಿದ. ನಮ್ಮ ರಾಜ್ಯದೊಳಗಿನ ನನ್ನ ಮೊದಲ ಗಿರಾಕಿ ಅವನೇ.

ಅಷ್ಟು ಹೊತ್ತಿಗೆ ತಾತನಿಗೂ ಆ ಚಿತ್ರ ರೂಢಿಯಾಗಿಬಿಟ್ಟಿತ್ತು. ಮಾವ ನಿಜವಾಗಿ ಪಕ್ಕದಲ್ಲೇ ಕುಳಿತು ಹೋಳಿಗೆ ತಿನ್ನುತ್ತಿದ್ದರೂ, ಹಾಡು ಒತ್ತಿದಾಗಲೆಲ್ಲ ತಾತ ಫೋನನ್ನು ಬಂದವರ ಕಡೆ ತಿರುಗಿಸಿ, "ನೋಡ್ರಿ, ಬೀಗರು ಬಂದ್ರು," ಎಂದು ಹೇಳುತ್ತಿದ್ದರು.